ಹಿನ್ನೆಲೆ ಗದ್ದಲ

ಇಲೊಇಲೊ ಪಟ್ಟಣದ ಲಾ ಪಾಸ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ರೊಮೆಲನ ಕೋಣೆ ಯಾವುದೆಂದು ಯಾರನ್ನೂ ಕೇಳಬೇಕಿಲ್ಲ. ಹಗಲಿಡೀ ಗುಂಯ್‌ಗುಡುವ ಕಿಟಕಿ ಅವನದೇ. ಒಳಗಿರುವ ಸರ್ವರ್‌ಗಳಿಗೆ ಒಂದೊಂದಕ್ಕೂ ಒಂದೊಂದು ಫ್ಯಾನು, ರೊಮೆಲನಿಗೆ ಮಾತ್ರ ಒಂದೂ ಇಲ್ಲ. ಮನೆಯ ಮುಂದೆ ಬಾಚೊಯ್ ಸೂಪು ಮಾರುವ ಅವನ ತಾಯಿ ಪಾಸಿಂಗ್, ಮಗ ಮದುವೆಯಾಗಿರುವುದು ಈ ಡಬ್ಬಗಳನ್ನೇ ಎಂದು ಗಿರಾಕಿಗಳಿಗೆಲ್ಲ ಹೇಳಿಕೊಂಡು ಬಂದಿದ್ದಳು. ನಲವತ್ತು ದಾಟಿದ ಮಗನ ಬಗ್ಗೆ ಇನ್ನೇನು ತಾನೇ ಹೇಳಿಯಾಳು!

ಅವಳ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಬಾಕೊಲೊದ್‌ನಲ್ಲೊಬ್ಬ, ರೊಹಾಸ್‌ನಲ್ಲೊಬ್ಬಳು ಟೀಚರು, ಹೀಗೆ ಹಳೆಯ ವಿಡಿಯೊ ಗೇಮ್ ಹುಚ್ಚಿನವರೆಲ್ಲ ತಮ್ಮ ಆಟದ ನೇರಪ್ರಸಾರವನ್ನು ರೊಮೆಲನ ಸರ್ವರ್ ಮೂಲಕವೇ ಬಿಡುತ್ತಿದ್ದರು. ಭಾನುವಾರ ಇಗರ್ಜಿಯ ಪೂಜೆಯೂ ಅಲ್ಲಿಂದಲೇ ಹೋಗುತ್ತಿತ್ತು. ಬೆಳಿಗ್ಗೆ ಎದ್ದವನು ಮುಖ ತೊಳೆಯುವ ಮೊದಲು ಸರ್ವರ್‌ಗಳನ್ನು ಮುಟ್ಟಿ ನೋಡುತ್ತಿದ್ದ, ಹಸುಗೂಸಿಗೆ ಜ್ವರ ನೋಡುವ ಹಾಗೆ. ಮಧ್ಯಾಹ್ನ ಊಟವಾದ ಮೇಲೆ ಅವನದೇ ಆಟ. ಏಣಿ ಹತ್ತಿ ಉರಿಯುವ ಗೋಪುರದ ತುದಿ ಮುಟ್ಟಬೇಕಾದ ಒಬ್ಬ ಗಿಡ್ಡ ಅಗ್ನಿಶಾಮಕ, ಎದುರಿಗೆ ಗೂಡಿನಂಥ ಹಳೆ ಟಿವಿ, ಅದರ ಮುಂದೆ ಹೊಸ ಮೈಕು. ನೋಡುವವರು ಬೆರಳೆಣಿಕೆಯ ಮಂದಿ.

ಆ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯ ಉಸ್ತಿಂಗ್ ಮುದುಕ ಬರುತ್ತಿದ್ದ. ಇಡೀ ಬೀದಿಗೆ ಅವನು ತಾತಾಯ್, ಎಲ್ಲರ ಅಪ್ಪ. ಜೀವಮಾನವಿಡೀ ಟ್ರೈಸಿಕಲ್ ಎಂಬ ಮೂರು ಗಾಲಿಯ ಬಾಡಿಗೆ ಗಾಡಿ ಓಡಿಸಿ ಮೊಣಕಾಲು ಕೈಕೊಟ್ಟ ಮೇಲೆ ಅವನಿಗೆ ಉಳಿದದ್ದು ಬಾಯಿ ಒಂದೇ. ಬಂದು ಕೂತನೆಂದರೆ ಮುಗಿಯಿತು. ಅಗ್ನಿಶಾಮಕ ಬಿದ್ದರೆ ಮುಂಡೇದು ಎಂದು ಬೈಯುವುದು, ಗೆದ್ದರೆ ತನ್ನಿಂದಲೇ ಗೆದ್ದ ಎನ್ನುವುದು, ಮೀನಿನ ರೇಟು, ವಾರ್ಡಿನ ಮುಖಂಡ ಕ್ಯಾಪ್ಟನ್ನನ ಎರಡನೇ ಸಂಸಾರ, ನಡುವೆ ಒಂದು ಕಾಫಿ. ರೊಮೆಲನಿಗೆ ನಾಚಿಕೆಯಾಗಿ ಪರದೆಯ ಕೆಳಗೆ 'ಹಿನ್ನೆಲೆ ಗದ್ದಲಕ್ಕೆ ಕ್ಷಮೆಯಿರಲಿ' ಎಂದು ಹಾಕಿಬಿಟ್ಟಿದ್ದ.

ನೋಡುವ ಆ ಬೆರಳೆಣಿಕೆಯವರಲ್ಲಿ ಮುದುಕನ ಮಗಳು ನೆನಿತಾಳೂ ಒಬ್ಬಳು. ತೈವಾನಿನಲ್ಲಿ ಒಬ್ಬ ಹಾಸಿಗೆ ಹಿಡಿದ ಮುದುಕಿಯನ್ನು ನೋಡಿಕೊಳ್ಳುತ್ತಿದ್ದಳು. ಮುದುಕಿಗೆ ಮಧ್ಯಾಹ್ನ ಜೊಂಪು ಹತ್ತಿದ ಕೂಡಲೇ ಇವಳ ಹೆಸರು ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತಿತ್ತು. ಒಂದು ಅಕ್ಷರ ಬರೆದವಳಲ್ಲ. ನನ್ನ ಆಟಕ್ಕೆ ಹೊರದೇಶದಲ್ಲೂ ಅಭಿಮಾನಿ ಇದ್ದಾರೆ ಎಂದು ನಮ್ಮ ರೊಮೆಲ್ ಎದೆಯುಬ್ಬಿಸಿಕೊಂಡಿದ್ದ, ಪೆದ್ದ.

ಬೇಸಿಗೆಯ ಕೊನೆಯಲ್ಲಿ ಉಸ್ತಿಂಗ್ ನಿದ್ದೆಯಲ್ಲೇ ಹೋಗಿಬಿಟ್ಟ. ನೆನಿತಾಳಿಗೆ ರಜೆ ಸಿಗಲಿಲ್ಲ. ಮಣ್ಣು ಮಾಡಿದ್ದನ್ನೂ ಒಂಬತ್ತು ದಿನದ ಪ್ರಾರ್ಥನೆಯನ್ನೂ ರೊಮೆಲನೇ ಅವಳಿಗೆ ನೇರಪ್ರಸಾರದಲ್ಲಿ ತೋರಿಸಿದ. ಪ್ರಸಾರ ಒಮ್ಮೆಯೂ ನಿಲ್ಲಲಿಲ್ಲ, ಒಮ್ಮೆಯೂ ತಡವರಿಸಲಿಲ್ಲ. ಪ್ರಾರ್ಥನೆ ಮುಗಿದ ಮರುದಿನ ಅವಳು ಫೋನ್ ಮಾಡಿದಳು.

"ತೋತೋ," ಎಂದಳು. ಅವನು ಚಡ್ಡಿ ಹಾಕುವ ಕಾಲದಿಂದ ಅವಳು ಕರೆಯುತ್ತಿದ್ದದ್ದೇ ಹಾಗೆ, ಅವನಿಗೆ ಅವಳು ಮನಾಂಗ್, ಅಕ್ಕ. "ನಿನ್ನ ಹಳೇ ಆಟಗಳನ್ನ ಇಟ್ಕೊಂಡಿದೀಯ ತಾನೆ? ಎಲ್ಲಾ ಕಳಿಸು."

"ಎಲ್ಲಾ ಇದೆ ಮನಾಂಗ್. ಯಾವುದು ಬೇಕು? ಗೋಪುರದ ತುದಿ ಮುಟ್ಟಿದ್ದಾ?"

"ನಿನ್ನ ಗೋಪುರಕ್ಕೆ ಬೆಂಕಿ ಬೀಳ್ಲಿ. ನಂಗೆ ಅಪ್ಪನ ದನಿ ಬೇಕು ಕಣೋ. ಫೋನಲ್ಲಿ ಉಂಡ್ಯಾ, ಉಂಡೆ, ಇಡ್ತೀನಿ, ಅಷ್ಟೇ ಅಲ್ವ ಆಡ್ತಿದ್ದಿದ್ದು. ನಿನ್ನ ಕೋಣೇಲೇ ಅವನು ಬಾಯಿ ತುಂಬಾ ಮಾತಾಡ್ತಿದ್ದ. ಅದನ್ನ ಕೇಳೋಕೇ ನಾನು ಬರ್ತಿದ್ದೆ."

ಈಗಲೇ ಕಳಿಸುತ್ತೇನೆ ಎಂದು ರೊಮೆಲ್ ಫೋನ್ ಇಟ್ಟ. ಅಭಿಮಾನಿ ಹೋದದ್ದಕ್ಕೆ ಒಂದು ಗಳಿಗೆ ಮುಖ ಸಣ್ಣದಾಯಿತು. ಆಮೇಲೆ ಮೊದಲ ರೆಕಾರ್ಡಿಂಗ್ ತೆರೆದ, ಅದು ಮುಗಿಯುವ ಮೊದಲೇ ಎರಡನೆಯದನ್ನು ತೆರೆದ, ಮೂರನೆಯದನ್ನೂ ತೆರೆದ.

ಹಳೆ ಆಟದವರಲ್ಲಿ ಒಂದು ಮಡಿ ಇದೆ. ದಾಖಲೆ ಮುರಿದೆ ಎಂದರೆ ಯಾರೂ ನಂಬುವುದಿಲ್ಲ, ರೆಕಾರ್ಡಿಂಗ್ ತೋರಿಸಬೇಕು. ಅದರಲ್ಲಿ ಆಟದ ಚಿತ್ರ, ಆಟದ ಸದ್ದು ಬಿಟ್ಟು ಬೇರೇನೂ ಇರಬಾರದು. ಮೈಕಿನ ದನಿ ಬೆರೆತರೆ ಮೈಲಿಗೆ. ಅದಕ್ಕೇ ರೊಮೆಲ್ ಆಟದ ಪೆಟ್ಟಿಗೆಯಿಂದಲೇ ನೇರ ತಂತಿ ಎಳೆದು ಅದನ್ನಷ್ಟೇ ಉಳಿಸುತ್ತಿದ್ದ. ಮೈಕಿನ ಮಾತು ನೇರಪ್ರಸಾರದಲ್ಲಿ ಹೋಗುತ್ತಿತ್ತು, ಪ್ರಸಾರ ಮುಗಿದ ಮೇಲೆ ಜಾಗ ಉಳಿಸಲು ಸರ್ವರ್ ಅದನ್ನು ಅಳಿಸಿ ಹಾಕುತ್ತಿತ್ತು. ಹಾಗೆ ಅಳಿಸಲು ಹೇಳಿಕೊಟ್ಟವನೂ ಇವನೇ. ಹೀಗೆ ವರ್ಷಗಟ್ಟಲೆ ಜೋಪಾನ ಮಾಡಿದ್ದರಲ್ಲಿ ಅಗ್ನಿಶಾಮಕನ ಟುಕುಟುಕು ಹೆಜ್ಜೆಯಿತ್ತು, ಮುದುಕನ ಒಂದು ಕೆಮ್ಮೂ ಇರಲಿಲ್ಲ.

ಆ ವಾರವಿಡೀ ಅವನು ಆಟ ಆಡಲಿಲ್ಲ. ಬಾಕೊಲೊದ್‌ನವನನ್ನು ಕೇಳಿದ, ಟೀಚರನ್ನು ಕೇಳಿದ, ಯಾರಾದರೂ ತಮಾಷೆಗಾದರೂ ಉಳಿಸಿಕೊಂಡಿದ್ದೀರಾ ಎಂದು ನೋಡುವವರನ್ನೆಲ್ಲ ಅಂಗಲಾಚಿದ. ಯಾರ ಹತ್ತಿರವೂ ಇರಲಿಲ್ಲ. ಅಳಿಸಿದ್ದನ್ನು ಮರಳಿ ತೆಗೆಯಲು ಡಿಸ್ಕುಗಳನ್ನು ಕೆದಕಿದ, ಅದರ ಮೇಲೆ ಹತ್ತಾರು ಸಲ ಬೇರೆ ಬರೆದಾಗಿತ್ತು. ನೆನಿತಾ ಕೇಳಿದಾಗೆಲ್ಲ ನಾಳೆ ಎಂದ. ಕೊನೆಗೆ ಪಾಸಿಂಗ್ ಸೌಟು ಹಿಡಿದುಕೊಂಡೇ ಒಳಗೆ ಬಂದು, ಇಲ್ಲ ಅನ್ನುವುದನ್ನು ಇಲ್ಲ ಅಂತ ಹೇಳು, ಅಪ್ಪನನ್ನು ಕಳೆದುಕೊಂಡವಳನ್ನು ಬಾಗಿಲಲ್ಲಿ ನಿಲ್ಲಿಸಿ ಕಾಯಿಸಬೇಡ ಎಂದು ಗದರಿದಳು.

ಅವನು ಹೇಳಿದ. ತಂತಿ, ಮೈಕು, ಮಡಿ ಎಲ್ಲವನ್ನೂ ಬಿಡಿಸಿ ಹೇಳಿ, ತಪ್ಪಾಯಿತು ಎಂದ. ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಇರೋದನ್ನೇ ಹಾಕು," ಎಂದಳು ನೆನಿತಾ. "ಮಳೆಗಾಲದ್ದು ಯಾವುದಾದ್ರೂ ಹಾಕು."

ಹಾಕಿದ. ಪ್ರಸಾರದಲ್ಲಿ ಅವಳೊಬ್ಬಳೇ, ಕಿವಿಯಲ್ಲಿ ಫೋನು. ಅಗ್ನಿಶಾಮಕ ಏಣಿ ಹತ್ತಿದ, ಜಾರಿದ, ಬಿದ್ದ.

"ಮುಂಡೇದು, ಕಾಲಿಗೆ ಎಣ್ಣೆ ಹಚ್ಕೊಂಡು ಬಂದಿದೆ," ಎಂದಳು ಅವಳು, ಥೇಟು ಅಪ್ಪನ ರಾಗದಲ್ಲಿ.

ರೊಮೆಲನಿಗೆ ನಗು ಬಂತು. ಅಗ್ನಿಶಾಮಕ ನಡು ಏಣಿಯಲ್ಲಿ ನಿಂತ. ಇಲ್ಲಿ ನೀನು ಕಾಫಿ ತರಲು ಎದ್ದೆ, ಸಕ್ಕರೆ ಕಡಿಮೆಯಾಯಿತು ಅಂತ ಅಪ್ಪ ಇನ್ನೊಂದು ಸಲ ಕಳಿಸುತ್ತಾನೆ ನೋಡು, ಎಂದಳು. ಅಗ್ನಿಶಾಮಕ ಎರಡು ಮೆಟ್ಟಿಲು ಹತ್ತಿ ಮತ್ತೆ ನಿಂತ. ಇಬ್ಬರೂ ನಕ್ಕರು. ರೊಮೆಲ್ ಸದ್ದಿಲ್ಲದೆ ಕೈ ಚಾಚಿ ಅವಳ ದನಿಯನ್ನು ಆಟದ ಜೊತೆಗೇ ಸೇರಿಸಿ ಉಳಿಸಲು ಶುರುಮಾಡಿದ. ಆಟದವರ ಮಡಿ ಹಾಳಾಗಿ ಹೋಗಲಿ!

ಮುಂದೊಂದು ಕಡೆ ಅಗ್ನಿಶಾಮಕ ನಿಂತವನು ಕದಲಲೇ ಇಲ್ಲ.

"ಇಲ್ಲೇನೂ ಕೇಳಿಸಿರ್ಲಿಲ್ಲ ನಂಗೆ," ಎಂದಳು ನೆನಿತಾ. "ಬರೀ ಗರಗರ. ನಿನ್ನ ಮೈಕು ಕೆಟ್ಟಿದೆ ಅಂದ್ಕೊಂಡೆ."

ಅವನು ಅಲುಗಾಡದ ಆ ಗಿಡ್ಡ ಆಸಾಮಿಯನ್ನೇ ನೋಡುತ್ತಿದ್ದ. ಆ ಮಧ್ಯಾಹ್ನ ನೆನಪಾಯಿತು. ಅವತ್ತು ಮುದುಕ ಆಡಿದ ಮಾತನ್ನು ಅವನು ಜಂಬವೆಂದೇ ತಿಳಿದಿದ್ದ.

"ಕೆಟ್ಟಿರ್ಲಿಲ್ಲ ಮನಾಂಗ್. ತಾತಾಯ್ ಅದರ ಮೇಲೆ ಅಂಗೈ ಮುಚ್ಚಿದ್ರು. ನೋಡ್ತಿರೋರಲ್ಲಿ ನನ್ನ ಮಗಳು ಯಾವುದು ತೋರ್ಸು ಅಂದ್ರು. ನಿನ್ನ ಹೆಸರು ತೋರಿಸ್ದೆ. ಅವಳಿಗೆ ನನ್ನ ಮಾತು ಕೇಳುತ್ತಾ ಅಂತ ಕೇಳಿದ್ರು. ಕೇಳುತ್ತೆ ಅಂದೆ."

"ಅದಕ್ಕೆ ಏನಂದ?"

"ಫೋನಲ್ಲಿ ಅವಳ ದನಿ ಕೇಳಿದ್ರೆ ಅಳು ಬಂದ್ಬಿಡುತ್ತೆ ಕಣೋ, ಇಲ್ಲೇ ಮಾತಾಡ್ತೀನಿ, ದಿನಾ ಬರ್ತೀನಿ ಅಂದ್ರು."