ಯರಗುಪ್ಪಿಯ ಟಗ್ ಎತ್ತುಗಳು

ಯರಗುಪ್ಪಿಗೆ ಸಮುದ್ರ ಇಲ್ಲ ಎನ್ನುವವರು ನನ್ನನ್ನು ನೋಡಿಲ್ಲ. ಗೋವಾದ ಬಂದರಿನಲ್ಲಿ ದುಡಿದು ಬಂದವನು ನಾನು. ನಾನು ಹಗ್ಗ ಬಿಗಿದರೆ ಹಡಗು ಉಸಿರಾಡಲು ನನ್ನ ಅಪ್ಪಣೆ ಕೇಳುತ್ತಿತ್ತು. ಕ್ರೇನಿನವನು ನನ್ನ ಕಿರುಬೆರಳು ನೋಡಿಯೇ ಕೊಕ್ಕೆ ಇಳಿಸುತ್ತಿದ್ದ. ಊರವರು ನನ್ನನ್ನು ಬಂದರ ಹೊಳಬಸಪ್ಪ ಎನ್ನುತ್ತಾರೆ. ಅರ್ಧ ಜನ ಗೌರವದಿಂದ, ಉಳಿದರ್ಧ ಹೊಟ್ಟೆಕಿಚ್ಚಿನಿಂದ.

ಹೀಗಾಗಿ ಮಲ್ಲಕ್ಕನ ಮಹಿಳಾ ಸಂಘದ ಮೆಣಸಿನಕಾಯಿ ಕಡಲಾಚೆ ಹೊರಟಾಗ ಅವಳು ಮೊದಲು ಬಂದದ್ದು ನನ್ನ ಕಟ್ಟೆಗೆ. ಓಣಿಯ ಹೆಣ್ಣುಮಕ್ಕಳೆಲ್ಲ ಸೇರಿ ಒಣಗಿಸಿ, ಆರಿಸಿ ಇಟ್ಟ ಕಾಯಿ. ದುಬೈಯ ಸಾಹುಕಾರನೊಬ್ಬ ಒಮ್ಮೆ ತರಿಸಿ ನೋಡುತ್ತೇನೆ ಎಂದಿದ್ದ. ಮರುದಿನ ಸಂಜೆಯೊಳಗೆ ಕಂಟೇನರ್ ಬಂದರಿನ ಗೇಟು ದಾಟದಿದ್ದರೆ ಹಡಗು ಹೋಯಿತು, ಹಡಗಿನ ಹಿಂದೆ ಸಾಹುಕಾರನೂ ಹೋದ.

"ಕಾಕಾ, ಒಂದೀಟು ತಡಾ ಆದ್ರ ಹಡಗ ಕಾಯೂದಿಲ್ಲೇನ?" ಎಂದಳು.

"ಕುಂದಗೋಳ ಬಸ್ಸೇನವಾ ಅದು, ಕೈ ಮಾಡಿದ್ರ ನಿಲ್ಲಾಕ? ಗೇಟ್ ಮುಚ್ಚೂ ಹೊತ್ತಿಗೆ ಕಟ್-ಆಫ್ ಅಂತಾರ. ಎತ್ತಿಗೊಂದು ಗೂಟ ಇದ್ದಂಗ ಹಡಗಿಗೊಂದು ಬರ್ತ್. ಒಂದು ಹಡಗ ಗೂಟ ಬಿಟ್ರ ಇನ್ನೊಂದು ಹಡಗ ಬಂದು ನಿಲ್ಲಬೇಕು. ಮಾಲಿನ ಬುಡಕ ತಂಪ ಹತ್ತಬಾರದಂತ ಕಟಿಗಿ ಹಲಗಿ ಹಾಸ್ತಾರ, ಅದು ಡನೇಜ್. ದೊಡ್ಡ ಹಡಗ ತಾನಾಗೇ ದಂಡಿಗೆ ಹತ್ತಂಗಿಲ್ಲ, ಟಗ್ ಅನ್ನೂ ಸಣ್ಣ ದೋಣಿ ಎಳಕೊಂಡ ಬರ್ತಾವ."

ಬಾಜೂಕೆ ಕುಳಿತಿದ್ದ ಗುಡದಪ್ಪ ಎಲೆ ಅಡಿಕೆ ಉಗಿದು, "ಅಂದ್ರ ಹಡಗಿಗೂ ಎತ್ತ ಬೇಕಾತಲ್ಲೋ!" ಎಂದ. ಗಾಲಿ ತಿರುಗದಂತೆ ಬಿಗಿದ ಬಂಡಿಯನ್ನು ದರದರ ಎಳೆಯುವ ತೆರಬಂಡಿ ಪಂದ್ಯದಲ್ಲಿ ಅವನ ಎತ್ತುಗಳನ್ನು ಸೋಲಿಸುವ ಜೋಡಿ ಇನ್ನೂ ಹುಟ್ಟಿಲ್ಲ. ಅವನ ಲೋಕದಲ್ಲಿ ಎತ್ತಿಲ್ಲದೆ ಯಾವುದೂ ಕದಲುವುದಿಲ್ಲ.

ಯಾಕೂಬಸಾಬನ ಲಾರಿ ಕಂಟೇನರ್ ಹೊತ್ತು ಬಂತು. ಅದರ ಉದ್ದ ಏನು ಹೇಳಲಿ! ಮುಂದಿನ ಗಾಲಿ ಊರು ದಾಟಿದ ಮೇಲೆ ಹಿಂದಿನ ಗಾಲಿ ಊರೊಳಗೆ ಕಾಲಿಟ್ಟಿತು. ಕಾಯಿ ತುಂಬಿದ ಚೀಲಗಳನ್ನು ತುಳಿದು ತುಳಿದು ಕಲ್ಲು ಮಾಡಿದ್ದೆವು. ಕಂಟೇನರ್ ತುಂಬುವಷ್ಟು ಮಾಲು ಇರಲಿಲ್ಲ. ಸಮನಾಗಿ ಹಾಸೋಣ ಎಂದಳು ಮಲ್ಲಕ್ಕ.

"ಹಿಂಭಾರ ಆದ್ರ ಬಂಡಿ ಮೂಗು ಎತ್ತತೈತಿ. ಎಲ್ಲಾ ಮುಂದ ಒಟ್ಟರಲೇ!" ಎಂದು ನಾನು ಗುಡುಗಿದೆ. ಹುಟ್ಟಿದಾಗಿನಿಂದ ಬಂಡಿ ಹೇರಿದ ಕೈಗಳು, ಚೀಲವನ್ನೆಲ್ಲ ಮುಂದಕ್ಕೇ ಒಟ್ಟಿದವು. ಕಸ್ಟಮ್ಸ್ ಸಾಹೇಬರೊಬ್ಬರು ಬಂದು ಕಂಟೇನರ್ ಬಾಗಿಲಿಗೆ ಸೀಲ್ ಜಡಿದು ಹುಬ್ಬಳ್ಳಿಗೆ ಹೋದರು. ಇನ್ನು ಆ ಸೀಲ್ ಒಡೆದರೆ ಗೇಟಿನಲ್ಲಿ ಒಳಗೆ ಬಿಡುವುದಿಲ್ಲ.

ಹಿಂದಿನ ರಾತ್ರಿ ಅಕಾಲದ ಮಳೆ ಬಿದ್ದಿತ್ತು. ಊರ ಹೊರಗಿನ ದಾರಿಯಲ್ಲಿ ಲಾರಿ ಎರೆಮಣ್ಣಿಗಿಳಿಯಿತು. ಅರ್ಧ ಪಾತಾಳ ಮುಟ್ಟಿರಬೇಕು.

ಯಾಕೂಬಸಾಬ ಕೆಳಗಿಳಿದು ನೋಡಿ ಹಣೆ ಬಡಿದುಕೊಂಡ. "ಯಾವ ಪುಣ್ಯಾತ್ಮಾರೀ ಭಾರ ಎಲ್ಲಾ ಮುಂದ ಹಾಕಿದಾಂವ? ಅಷ್ಟೂ ಭಾರ ನನ್ನ ಗಾಡಿ ಎಳಿಯೂ ಗಾಲಿ ಮ್ಯಾಲ ಕುಂತು ಅದನ್ನ ಕೆಸರಾಗ ತುಳದೈತಿ!"

ಎಲ್ಲರೂ ನನ್ನತ್ತ ತಿರುಗಿದರು. ನಾನು ಆಕಾಶದತ್ತ ತಿರುಗಿದೆ.

ಮಲ್ಲಕ್ಕ ಬೈಯಲಿಲ್ಲ. ಅದೇ ಕೆಟ್ಟದ್ದು. "ಕಾಕಾ, ಮನಿ ಮನಿಗೆ ಹೋಗಿ ನಂಬ್ರಿ ಅಂತ ಹೇಳೀನಿ ನಾ," ಎಂದಳು, ಇಷ್ಟೇ.

ನನ್ನ ಎದೆಯಲ್ಲಿ ಬಂದರಿನ ಸೈರನ್ ಕೂಗಿತು. "ಗುಡದಪ್ಪಾ, ಎತ್ತ ಹೊಡ್ಕೊಂಡ ಬಾ! ಊರಾಗ ಇದ್ದ ಎತ್ತೆಲ್ಲಾ ಬರ್ಲಿ! ಟಗ್ ಬೇಕ್ಲೇ, ಟಗ್!"

ಅರೆಗಳಿಗೆಯಲ್ಲಿ ಊರೇ ಬಂತು. ಸರಪಳಿ ಕಟ್ಟಿ ನೇರ ಎಳೆದೆವು. ಎತ್ತುಗಳ ಕಾಲಡಿ ಮಣ್ಣು ಚಿಮ್ಮಿತು, ಲಾರಿ ಇನ್ನೊಂದು ಗೇಣು ಇಳಿಯಿತು.

"ನಿಮ್ಮ ಟಗ್ ಹಿಂಗ ಮುಣುಗಸ್ತಾವೇನ್ರೀ ಹಡಗ?" ಯಾಕೂಬಸಾಬ ಕಿಚಾಯಿಸಿದ.

ಆಗ ನೆನಪಾಯಿತು. ಟಗ್ ಹಡಗನ್ನು ಮೊದಲು ಮುಂದಕ್ಕೆ ಜಗ್ಗುವುದಿಲ್ಲ. ಅದರ ಮೂತಿಯನ್ನು ಮೆಲ್ಲಗೆ ಹೊರಳಿಸುತ್ತದೆ. ಬಲಕ್ಕೆ ಗಟ್ಟಿ ಗರಸಿನ ಬದು ಇತ್ತು. ಎತ್ತುಗಳನ್ನು ಅತ್ತ ಓರೆಯಾಗಿ ಕಟ್ಟಿಸಿದೆ.

"ಗಾಲಿ ಬುಡಕ ಏನರ ಬೇಕಲ್ಲ?" ಎಂದ ಯಾಕೂಬಸಾಬ.

"ಡನೇಜ್!" ಮಲ್ಲಕ್ಕ ಚೀರಿದಳು. "ಹತ್ತಿಕಟಗಿ ಒಟ್ಟೈತಿ ನಮ್ಮ ಹೊಲದಾಗ. ಬರ್ರೆವ್ವಾ!" ಹೆಣ್ಣುಮಕ್ಕಳು ಸೆರಗು ಸಿಕ್ಕಿಸಿ, ಹೊರೆ ಹೊರೆ ಹತ್ತಿಕಟಗಿ ತಂದು ಗಾಲಿಯಡಿ ತುರುಕಿದರು. ಅದನ್ನು ನಾನೇ ಹೇಳಬೇಕೆಂದು ಬಾಯಿ ತೆರೆದಿದ್ದೆ. ಅವಳದು ಅರ್ಧ ಉಸಿರು ಮುಂದಾಯಿತು.

"ಹೂಂ, ಸಿಳ್ಳೆ ಹೊಡೀರಲೇ!" ಗುಡದಪ್ಪ ಕೂಗಿದ. ತೆರಬಂಡಿ ಎತ್ತಿಗೆ ಸಿಳ್ಳೆ ಎಂದರೆ ಸಾಕು, ಮೈಮೇಲೆ ದೇವರು ಬರುತ್ತಾನೆ. ಊರಿಗೆ ಊರೇ ಸಿಳ್ಳೆ ಹಾಕಿತು. ದೂರದ ನವಲಗುಂದದಲ್ಲಿ ಮಲಗಿದ್ದ ಕೂಸುಗಳು ಎದ್ದು ಅತ್ತವಂತೆ. ಇಂಜಿನ್ನು ಗುಡುಗಿತು, ಕಟಗಿ ಲಟಲಟ ಮುರಿಯಿತು, ಲಾರಿಯ ಮೂತಿ ಗೇಣು ಹೊರಳಿತು, ಮೊಳ ಹೊರಳಿತು, ಒಮ್ಮೆಲೇ ಬದು ಹತ್ತಿತು!

ಆದರೆ ಪಂದ್ಯದ ಎತ್ತುಗಳಿಗೆ ನಿಲ್ಲುವುದು ಗೊತ್ತಿಲ್ಲ. ಜನ ಕುಣಿದಷ್ಟೂ ಅವು ಓಡಿದವು. ಯಾಕೂಬಸಾಬ ಕಿಟಕಿಯಿಂದ ಅರ್ಧ ಹೊರಬಿದ್ದು, "ಸಿಳ್ಳೆ ನಿಲ್ಲಸ್ರೋ! ಬ್ರೇಕ್ ನನ್ನ ಕೈಯಾಗಿಲ್ಲ, ಎತ್ತಿನ ಕೈಯಾಗೈತಿ!" ಎಂದು ಅರಚುತ್ತಿದ್ದ. ಡಾಂಬರು ರಸ್ತೆ ಸಿಕ್ಕಮೇಲೆಯೇ ಅವು ನಿಂತದ್ದು.

ಮರುದಿನ ಮಲ್ಲಕ್ಕ ಊಟ ಬಿಟ್ಟು ಫೋನ್ ಹಿಡಿದು ನನ್ನ ಕಟ್ಟೆಯ ಮೇಲೆ ಕುಳಿತಳು. ಹೊತ್ತು ಇಳಿಯುವಾಗ ಯಾಕೂಬಸಾಬನ ದನಿ ಬಂತು.

"ಗೇಟ್ ದಾಟಿತ್ರೀ ಅಕ್ಕಾರ! ಸೀಲ್ ನೋಡಿ ಒಳಗ ಬಿಟ್ರು. ಗಾಲಿಗೆ ಮೆತ್ತಿದ ಕರಿಮಣ್ಣ ನೋಡಿ, ಇದು ಯಾವ ಕಡಿಯಿಂದ ಬಂತು ಅಂತ ಕೇಳಿದ್ರು. ಯರಗುಪ್ಪಿ ಬಂದರದಿಂದ ಅಂದೆ!"

ಮಲ್ಲಕ್ಕ ಫೋನನ್ನು ಎದೆಗೊತ್ತಿಕೊಂಡು ನಕ್ಕಳು. ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. ಆಮೇಲೆ ನನ್ನ ಕಡೆ ಬೆರಳು ತೋರಿಸಿದಳು.

"ಮುಂದಿನ ಸಲ ಚೀಲ ನಾ ಹೇಳಿದಂಗ ಹಾಸೂದು, ಕಾಕಾ."

"ಆತವಾ. ಎತ್ತ ಮಾತ್ರ ನಾ ಹೇಳಿದಂಗ ಕಟ್ಟೂದು," ಎಂದೆ.