ಡೈರಿಯಲ್ಲಿ ಉಳಿದ ಅರ್ಧ ಪ್ರಕಟಣೆ

‘ಇವತ್ತು ಮೆಟ್ಟಿಲಲ್ಲಿ ಅವಳ ಕಾಲು ಉಳುಕಬಾರದೇ ಅನ್ನಿಸಿತು. ನಾನು ಕೆಟ್ಟವಳಾಗುತ್ತಿದ್ದೇನೆಯೇ?’

ಡೈರಿಯಲ್ಲಿ ಇಷ್ಟು ಬರೆದು ಗುಮ್ಮಿ ಪೆನ್ನಿನ ಮುಚ್ಚಳ ಹಾಕಿದಳು. ಹೊರಗೆ ಮೆಟ್ಟಿಲ ಮೇಲೆ ದಡದಡ ಸದ್ದು. ‘ಅವಳು’ ಎಂದರೆ ಮೇಲಿನ ಮನೆಯ ಚಿಕ್ಕಮ್ಮನ ಮಗಳು, ಪಟಪಟ ಮಾತಿಗೆ ಎಲ್ಲರೂ ಪಟಾಕಿ ಎನ್ನುವವಳು. ಎರಡು ವಾರದಿಂದ ದಿನಾ ಬೆಳಿಗ್ಗೆ ಮರಳು ತುಂಬಿದ ಬಕೆಟ್ ಹೊತ್ತು ಮೂರು ಮಹಡಿ ಹತ್ತಿ ಇಳಿಯುತ್ತಾಳೆ. ಅಗ್ನಿಶಾಮಕ ದಳ ಸೇರುತ್ತಾಳಂತೆ. ಬೀದಿಗೆಲ್ಲ ಅದೇ ಸುದ್ದಿ. ಹಾಲಿನವನೂ ಬಾಗಿಲಲ್ಲಿ ನಿಂತು ಅವಳನ್ನು ಹೊಗಳಿಯೇ ಹೋಗುತ್ತಾನೆ.

ಗುಮ್ಮಿ ಡಿಗ್ರಿ ಮುಗಿಸಿದವಳು. ನಾಲ್ಕು ಜನ ಸೇರಿದರೆ ಬಾಯಿಗೆ ಬೀಗ. ಮನೆಯವರು ‘ಗುಮ್ಮನಗುಸುಕಿ’ ಎಂದು ಛೇಡಿಸಿ ಛೇಡಿಸಿ ಅದೇ ಸವೆದು ಗುಮ್ಮಿಯಾಗಿತ್ತು. ಆದರೆ ಈ ಆಸೆ ಮೊದಲು ಹುಟ್ಟಿದ್ದು ಅವಳಿಗೆ. ಕಾಲೇಜಿನ ಪ್ರಯೋಗಾಲಯಕ್ಕೆ ಬೆಂಕಿ ಬಿದ್ದ ದಿನ, ಹೆಲ್ಮೆಟ್ ಹಾಕಿದ ಹೆಂಗಸೊಬ್ಬರು ಹೊಗೆಯೊಳಗೆ ನುಗ್ಗಿ ಅಲ್ಲಿನ ಸಹಾಯಕನನ್ನು ಹೆಗಲ ಮೇಲೆ ಹೊತ್ತು ತಂದದ್ದನ್ನು ಕಣ್ಣಾರೆ ಕಂಡಿದ್ದಳು. ಅಂದಿನಿಂದ ಡೈರಿಯ ತುಂಬ ಅದೇ.

ಪತ್ರಿಕೆಯಲ್ಲಿ ನೇಮಕಾತಿ ಪ್ರಕಟಣೆ ಬಂದಾಗ ಕತ್ತರಿಸಿಟ್ಟವಳೂ ಅವಳೇ. ಕತ್ತರಿಸುವಾಗ ಅದು ಎರಡು ತುಂಡಾಗಿತ್ತು. ಮೊದಲ ತುಂಡು ಮೇಜಿನ ಮೇಲಿದ್ದಾಗ, ಪೆನ್ನು ಕೇಳಲು ಬಂದ ಪಟಾಕಿ ಅದನ್ನು ಓದಿ, ಇದು ನನಗೆ ಹೇಳಿ ಮಾಡಿಸಿದ ಕೆಲಸ ಎಂದು ಎತ್ತಿಕೊಂಡು ಓಡಿದಳು. ಮಿಕ್ಕಿದ್ದೆಲ್ಲಿ ಎಂದು ಆಮೇಲೆ ಕೇಳಿದಾಗ ಗುಮ್ಮಿ ಗೊತ್ತಿಲ್ಲವೆಂದು ತಲೆಯಾಡಿಸಿಬಿಟ್ಟಳು. ಅದು ಡೈರಿಯೊಳಗಿತ್ತು. ಅರ್ಜಿಯ ಕೊನೆಯ ದಿನ ಇದ್ದದ್ದು ಆ ತುಂಡಿನಲ್ಲೇ: ಈ ಗುರುವಾರ. ಇವತ್ತಾಗಲೇ ಮಂಗಳವಾರ. ಸುಮ್ಮನಿದ್ದರೆ ಪಟಾಕಿಯ ಆಸೆ ಮಣ್ಣುಪಾಲು. ತನ್ನದೂ ಅಷ್ಟೇ, ಅಮ್ಮನಿಗೆ ಹೇಳಲಾರದೆ ಅವಳೂ ಅರ್ಜಿ ಹಾಕಿರಲಿಲ್ಲ.

ಅಮ್ಮನಿಗೋ ಆ ಕೆಲಸವೇ ಸರಿಬರದು. ಅವತ್ತೇ ಚಿಕ್ಕಮ್ಮನನ್ನು ಹಿಡಿದು ಕೂರಿಸಿ ಕೇಳಿದರು, “ಒಲೆ ಮುಂದೆ ಬೆಂದಿದ್ದು ಸಾಲ್ದು ಅಂತ ಊರೋರ ಬೆಂಕಿಗೂ ಬೀಳ್ಬೇಕೇನೇ ನಿನ್ನ ಮಗಳು?” ಚಿಕ್ಕಮ್ಮ ನಕ್ಕು, ಅಗ್ನಿಶಾಮಕ ಠಾಣೆಗೇ ಹೋಗಿ ಕೇಳೋಣ ಬಾ ಅಕ್ಕ ಎಂದರು. ಹುಡುಗಿಯರೂ ಸೇರಿ ನಾಲ್ವರೂ ಹೊರಟರು. ಗುಮ್ಮಿಯ ಚೀಲದಲ್ಲಿ ಡೈರಿಯಿತ್ತು.

ಠಾಣೆಯಲ್ಲಿ ಕೆಂಪು ವಾಹನದ ಪಕ್ಕ ಸಾಲಾಗಿ ಬೂಟುಗಳು. ಒಂದೊಂದು ಜೋಡಿಯ ಮೇಲೂ ಮಡಚಿ ಇಳಿಸಿದ ಪ್ಯಾಂಟು. ನಿಂತವರು ನಿಂತಲ್ಲೇ ಮಾಯವಾದ ಹಾಗಿತ್ತು. ಗಂಟೆ ಹೊಡೆದರೆ ಕಾಲು ತೂರಿಸಿ ಓಡಲು ಹಾಗಿಟ್ಟಿರುತ್ತೇವೆ ಎನ್ನುತ್ತ ಸಮವಸ್ತ್ರದ ಹೆಂಗಸೊಬ್ಬರು ಎದ್ದು ಬಂದರು. ಗುಮ್ಮಿ ಗುರುತು ಹಿಡಿದಳು. ಅಂದು ಹೊಗೆಯಿಂದ ಹೊರಬಂದವರು ಇವರೇ.

ಅಮ್ಮ ಇಲ್ಲೂ ಅದನ್ನೇ ಕೇಳಿದಾಗ ಠಾಣೆಯ ಆ ಅಕ್ಕ, “ಬೆಂಕಿಗೆ ಯಾರೂ ಧುಮುಕೋದಿಲ್ಲಮ್ಮ. ತಿಂಗಳುಗಟ್ಟಲೆ ತರಬೇತಿ ಕೊಟ್ಟೇ ಕಳಿಸೋದು,” ಎಂದರು. ಓದು, ವಯಸ್ಸು, ಎತ್ತರ ಎಷ್ಟಿರಬೇಕೆಂಬುದು ಪ್ರಕಟಣೆಯಲ್ಲೇ ಇರುತ್ತದೆ. ಪರೀಕ್ಷೆ ಬರೆಯಬೇಕು, ಓಡಿ, ಹತ್ತಿ, ಭಾರ ಹೊತ್ತು ತೋರಿಸಬೇಕು. ಕಣ್ಣು, ಎದೆ ಎಲ್ಲ ವೈದ್ಯರು ನೋಡುತ್ತಾರೆ. ಪ್ರಥಮ ಚಿಕಿತ್ಸೆ, ಈಜು ಈಗಲೇ ಕಲಿತರೆ ಒಳ್ಳೆಯದು. ಕೆಲಸ ಕೊಡಿಸುತ್ತೇವೆ ಎನ್ನುವ ದಲ್ಲಾಳಿಗಳ ಮಾತಿಗೆ ಮರುಳಾಗಬೇಡಿ ಎಂದೆಲ್ಲ ಬಿಡಿಸಿ ಹೇಳಿದರು. ಅಮ್ಮನ ಹುಬ್ಬಿನ ಗಂಟು ಸಡಿಲಾಯಿತು. ಸಂಬಳದ ಜೊತೆ ಮರ್ಯಾದೆಯೂ ಇರೋ ಕೆಲಸವೇ ಬಿಡು ಎಂದರು.

ಆಮೇಲೆ ಅಕ್ಕ ಹುಡುಗಿಯರ ಕೈಗೆ ನೀರಿನ ಪೈಪು ಕೊಟ್ಟರು. ಮುಂದೆ ಪಟಾಕಿ, ಹಿಂದೆ ಗುಮ್ಮಿ. ನೀರು ಬಿಟ್ಟೊಡನೆ ಪೈಪು ಹಾವಿನಂತೆ ಹೊರಳಿ ಪಟಾಕಿ ತತ್ತರಿಸಿದಳು. ಗುಮ್ಮಿ ಪೈಪನ್ನು ಕಂಕುಳಿಗೆ ಒತ್ತಿ, ಕಾಲೂರಿ, ಅವಳ ಬೆನ್ನಿಗೆ ಭುಜ ಕೊಟ್ಟಳು. ಧಾರೆ ನೆಟ್ಟಗಾಯಿತು. ಚಿಕ್ಕಮ್ಮ, ಅಮ್ಮ ಇಬ್ಬರೂ ಪಟಾಕಿಯನ್ನೇ ನೋಡಿ ಚಪ್ಪಾಳೆ ತಟ್ಟಿದರು. ಗುಮ್ಮಿಯ ಹೊಟ್ಟೆಕಿಚ್ಚು ಮತ್ತೆ ಭುಗಿಲೆದ್ದಿತು.

ಅಕ್ಕ ಮಾತ್ರ ಅವಳ ಕಡೆ ತಿರುಗಿದರು. “ಹಿಂದೆ ನಿಂತೋರದ್ದೇ ಅರ್ಧ ಕೆಲಸ. ಚೆನ್ನಾಗಿ ಹಿಡಿದೆ. ಆದ್ರೆ ಬಾಯಿ ಮುಚ್ಕೊಂಡು ಹಿಡಿಯೋಹಾಗಿಲ್ಲಮ್ಮ. ಛಾವಣಿ ಬಿರಿಯೋದು ನಿನಗೆ ಕಂಡು, ನೀನು ಹೇಳ್ದೇ ಇದ್ರೆ, ಮುಂದಿರೋಳ ಗತಿ?”

ಗುಮ್ಮಿಯ ಕಣ್ಣು ತನ್ನ ಚೀಲದ ಮೇಲೆ ಹೋಯಿತು.

ಅರ್ಜಿ ಯಾವಾಗಿನವರೆಗೆ ಎಂದು ಚಿಕ್ಕಮ್ಮ ಕೇಳಿದಾಗ, ನೇಮಕಾತಿ ನೋಡುವುದು ಬೇರೆ ಕಚೇರಿ, ಕೊನೆಯ ದಿನ ನೆನಪಿಲ್ಲ, ಪ್ರಕಟಣೆ ತೋರಿಸು ಎಂದರು ಅಕ್ಕ. ಪಟಾಕಿ ಒದ್ದೆ ಕೈಯಲ್ಲೇ ತನ್ನ ಅರ್ಧ ತುಂಡು ಚಾಚಿ, ಇನ್ನೂ ದಿನ ಇರಬಹುದು ಎಂದಳು.

ಗುಮ್ಮಿ ಚೀಲಕ್ಕೆ ಕೈ ಹಾಕಿದಳು. ಡೈರಿ ತೆರೆದು, ಉಳಿದರ್ಧವನ್ನು ಮೇಜಿನ ಮೇಲೆ ಪಟಾಕಿಯ ತುಂಡಿಗೆ ಜೋಡಿಸಿಟ್ಟಳು.

ಪಟಾಕಿ ಓದಿ ಬೆಚ್ಚಿದಳು. “ನಾಡಿದ್ದೇ ಕೊನೆ. ನಿನ್ ಹತ್ರಾನೇ ಇತ್ತೇನೇ, ಕಳ್ಳಿ?”

“ನೀನ್ಯಾಕೆ ಇದನ್ನ ಬಚ್ಚಿಟ್ಕೊಂಡಿದ್ದೆ?” ಎಂದರು ಅಮ್ಮ.

ಓದುತ್ತಿರುವ ಅಕ್ಕ, ತಂಗಿ, ತಮ್ಮಂದಿರೇ, ನಿಮ್ಮ ಮನೆಯಲ್ಲೂ ಇಂಥ ಆಸೆಯೊಂದು ಪುಸ್ತಕದೊಳಗೆ ಮಡಚಿ ಕುಳಿತಿರಬಹುದು. ಪ್ರಕಟಣೆಯನ್ನು ಪೂರ್ತಿ ಓದಿ, ಕೊನೆಯ ದಿನ ಗೋಡೆಯ ಮೇಲೆ ಬರೆದಿಡಿ. ಹತ್ತಿರದ ಅಗ್ನಿಶಾಮಕ ಠಾಣೆಗೆ ಹಗಲು ಹೊತ್ತಿನಲ್ಲಿ ಹೋಗಿ ಕೇಳಿ, ನಾಳೆ ಬೆಳಿಗ್ಗೆಯಿಂದಲೇ ಓಡಲು ಶುರುಮಾಡಿ. ಅದಕ್ಕೂ ಮೊದಲು, ಗುಮ್ಮಿ ಅಂದು ಎಲ್ಲರೆದುರು ಅಮ್ಮನ ಮುಖ ನೋಡಿ ಹೇಳಿದ ಹಾಗೆ, ನೀವೂ ಬಾಯಿಬಿಟ್ಟು ಹೇಳಿ:

“ನನಗೂ ಈ ಕೆಲಸ ಬೇಕಮ್ಮ. ಇವಳಿಗಿಂತ ಮೊದಲಿಂದ ಬೇಕು.”