ಹುಲುಗೇಶನ ಮುಂದೆ ಹಲಗೆ

ವಿರೂಪಾಕ್ಷಿ ಚಟ್ಟದ ಬಿದಿರಿಗೆ ಕೈ ಹಾಕಿದ್ದೇ ತಡ, ಜಡೆಪ್ಪ ಅವನ ಮಣಿಕಟ್ಟು ಹಿಡಿದ.

"ಕೈ ತಗಿ."

ಚಟ್ಟದ ಮೇಲಿದ್ದವನು ಜಡೆಪ್ಪನ ಒಬ್ಬನೇ ಮಗ ಹುಲುಗೇಶ. ನಿನ್ನೆ ಬೆಳಿಗ್ಗೆ ಸಿರುಗುಪ್ಪ ರಸ್ತೆಯಲ್ಲಿ ಅವನ ಬೈಕಿಗೆ ಲಾರಿ ಬಡಿದಿತ್ತು. ಮೂವತ್ತೆರಡು ವರ್ಷ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕೆಲಸ; ಅದಕ್ಕೂ ಮೊದಲು 'ಕೆಂದೂಳು' ಬ್ಯಾಂಡಿನ ಡ್ರಮ್ಮರ್. ಆ ಬ್ಯಾಂಡಿನಲ್ಲಿ ಹಾಡುತ್ತಿದ್ದವನೇ ವಿರೂಪಾಕ್ಷಿ. ನಾಲ್ಕು ವರ್ಷದಿಂದ ಇಬ್ಬರ ನಡುವೆ ಮಾತಿರಲಿಲ್ಲ.

"ಕಾಕಾ, ಒಂದೀಟು ಹೆಗಲು ಕೊಡ್ತೀನಿ. ಅಷ್ಟ ಸಾಕು."

"ಹೆಗಲು ಕೊಡಾಕ ಕೇರಿ ತುಂಬ ಮಂದಿ ಅದಾರ."

ಮೊದಲೆಲ್ಲ ಈ ಮುದುಕ ಅವನನ್ನು "ಬರ್ರಿ ಸಣ್ಣ ಸಾವ್ಕಾರ್ರ" ಎಂದೇ ಕರೆಯುತ್ತಿದ್ದ. ಇಂದು ಏಕವಚನ. ಬ್ಯಾಂಡಿನಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ಅನುಷಾ ವಿರೂಪಾಕ್ಷಿಯ ತೋಳು ಜಗ್ಗಿದಳು.

"ಬಾರೋ, ದೂರ ನಿಂದ್ರೋಣು. ಇವತ್ತು ಬ್ಯಾಡ."

ಅವನು ಕದಲಲಿಲ್ಲ. ಇವತ್ತು ಬಿಟ್ಟರೆ ಕ್ಷಮೆ ಕೇಳಲು ಹುಲುಗೇಶ ಇನ್ನೆಲ್ಲಿ ಸಿಗುತ್ತಾನೆ?

*

ಸಿರುಗುಪ್ಪದ ಕಾಲೇಜಿನಲ್ಲಿ ಮೂವರೂ ಮೊದಲ ಸಲ ನುಡಿಸಿದಾಗ ಮೈಕು ಎರಡು ಸಲ ಸತ್ತಿತ್ತು. ಮೂರೇ ವರ್ಷದಲ್ಲಿ ಅವರ ವಿಡಿಯೊಗಳನ್ನು ಲಕ್ಷಗಟ್ಟಲೆ ಜನ ನೋಡಿದರು. ಜನರನ್ನು ಕುಣಿಸುತ್ತಿದ್ದುದು ತನ್ನ ಕಂಠ ಎಂದು ವಿರೂಪಾಕ್ಷಿಯೊಬ್ಬನೇ ನಂಬಿದ್ದ. ಅದು ಹುಲುಗೇಶನ ಪೆಟ್ಟು ಎಂಬುದು ಉಳಿದವರಿಗೆಲ್ಲ ಗೊತ್ತಿತ್ತು.

ಆ ಪೆಟ್ಟು ಅವನ ಮನೆಯದು. ಜಡೆಪ್ಪ ಊರಿನವರ ಹೆಣಗಳ ಮುಂದೆ ಚರ್ಮದ ಹಲಗೆ ಬಡಿದು ಮಗನನ್ನು ಸಾಕಿದ್ದ. ಮಗ ಡ್ರಮ್ ಸೆಟ್ ತಂದ ದಿನವೇ ಅಪ್ಪನ ಹಲಗೆಯನ್ನು ಗೂಟಕ್ಕೆ ಹಾಕಿಸಿದ. "ಇನ್ನ ಮಂದಿ ಸತ್ರ ನಾವು ಬಡಿಯಾದಿಲ್ಲ" ಎಂದ.

ನಾಲ್ಕು ವರ್ಷದ ಹಿಂದೆ ಬಳ್ಳಾರಿಯ ಮೈದಾನದಲ್ಲಿ ದೊಡ್ಡ ಕಾರ್ಯಕ್ರಮ. ಫೋಟೊ ತೆಗೆಯಬೇಕೆಂದು ಜಡೆಪ್ಪನಿಗೆ ಹೇಳಿ, ಹುಲುಗೇಶನಿಗೆ ತಿಳಿಯದಂತೆ ವಿರೂಪಾಕ್ಷಿ ಆ ಹಲಗೆಯನ್ನು ತಂದಿಟ್ಟುಕೊಂಡಿದ್ದ. ಹಾಡಿನ ನಡುವೆ ಅದನ್ನು ಎತ್ತಿಹಿಡಿದು ಕೂಗಿದ: "ನಮ್ಮ ಹುಲುಗೇಶನ ಬೀಟ್ ಎಲ್ಲಿಂದ ಬಂತು ಗೊತ್ತೇನ್ರಿ? ಇವರಪ್ಪ ಹೆಣದ ಮುಂದ ಬಡೀತಿದ್ದ ಈ ಹಲಗಿಯಿಂದ!"

ಸೀಟಿಯೋ ಸೀಟಿ. ಗೆಳೆಯನನ್ನು ಹೊಗಳುತ್ತಿದ್ದೇನೆ ಎಂದೇ ಆ ಮಹಾನುಭಾವ ತಿಳಿದಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹುಲುಗೇಶ ಡ್ರಮ್ಮಿನ ಕೋಲುಗಳನ್ನು ಕೆಳಗಿಟ್ಟು, ಹಲಗೆಯನ್ನು ಕಿತ್ತುಕೊಂಡ.

"ಲೇ, ನಿಮ್ಮಪ್ಪ ಕಿರಾಣಿ ಅಂಗಡ್ಯಾಗ ತಕ್ಕಡಿ ಹಿಡಿಯೋದನ್ನ ನಾ ಎಂದಾರ ಮೈಕಿನ್ಯಾಗ ಹೇಳೀನೇನು?"

ಅದೇ ಅವನು ವಿರೂಪಾಕ್ಷಿಯೊಡನೆ ಆಡಿದ ಕೊನೆಯ ಮಾತು. ಬ್ಯಾಂಡು ಅಲ್ಲಿಗೇ ಮುಗಿಯಿತು.

*

ಜಡೆಪ್ಪ ಒಳಗೆ ಹೋಗಿ ಹಲಗೆ ತಂದ.

"ಮಂದಿಗೆ ಬಡಿಯಬ್ಯಾಡ ಅಂದಿದ್ದ ನನ್ನ ಮಗ. ತನಗ ಬಡಿಯಬ್ಯಾಡ ಅಂದಿದ್ದಿಲ್ಲ. ನನ್ನ ಕೈಯಾಗ ಶಕ್ತಿ ಇಲ್ಲ. ಅವತ್ತು ಎತ್ತಿ ತೋರಿಸಿದಿ, ಇವತ್ತು ಕೊರಳಿಗೆ ಹಾಕ್ಕೋ."

"ದಾರ್‍ಯಾಗ ನಿಮ್ಮಪ್ಪನ ಅಂಗಡಿ ಐತಿ" ಎಂದು ಅನುಷಾ ಪಿಸುಗುಟ್ಟಿದಳು.

"ಗೊತ್ತೈತಿ" ಎಂದು ವಿರೂಪಾಕ್ಷಿ ಹಲಗೆಯ ಹಗ್ಗವನ್ನು ಕೊರಳಿಗೆ ಹಾಕಿಕೊಂಡ.

ಚಟ್ಟ ಹೊರಟಿತು. ಕುರುಗೋಡಿನ ಬಜಾರಿನಲ್ಲಿ ಜನ ಬಾಗಿಲಿಗೆ ಬಂದು ನಿಂತರು. ವಿರೂಪಾಕ್ಷಿಯ ಪೆಟ್ಟು ತಪ್ಪುತ್ತಿತ್ತು. ತುಂತುರು ಬೇರೆ ಶುರುವಾಯಿತು. ಅಪ್ಪ ತಿಪ್ಪೇರುದ್ರಪ್ಪನ ಕಿರಾಣಿ ಅಂಗಡಿ ಬರುವ ಹೊತ್ತಿಗೆ ಚರ್ಮ ಸಡಿಲಾಗಿ ಹಲಗೆಯ ದನಿಯೇ ಅಡಗಿತು.

"ಬೆಂಕಿಗೆ ಕಾಸಬೇಕು, ಬಿಗಿ ಆಗತೈತಿ" ಎಂದ ಜಡೆಪ್ಪ. ಹೊತ್ತವರು ಹಾಗೆಯೇ ನಿಂತರು.

ತಿಪ್ಪೇರುದ್ರಪ್ಪ ಅಂಗಡಿಯ ಬಾಗಿಲಿಗೆ ಬಂದ. ಮಗನ ಕೊರಳು ನೋಡಿದ.

"ಲೇ ವಿರುಪಾ, ಅದನ್ನ ತಗದು ಒಗಿ. ಅದನ್ನ ಹಾಕ್ಕೊಂಡು ಈ ಅಂಗಡಿ ದಾಟಿದ್ರ ತಿರುಗಿ ಮನಿಗೆ ಬರಬ್ಯಾಡ."

ಜಡೆಪ್ಪ ತಲೆ ತಗ್ಗಿಸಿದ. ಆಗ ವಿರೂಪಾಕ್ಷಿ ಹಲಗೆ ತೆಗೆದುಕೊಟ್ಟಿದ್ದರೂ ಯಾರೂ ಬೈಯುತ್ತಿರಲಿಲ್ಲ.

ಅವನು ಅಂಗಡಿಯ ತಗಡಿನ ಕೆಳಗಿದ್ದ ಸೋಪಿನ ಖಾಲಿ ರಟ್ಟಿನ ಡಬ್ಬಿ ಎಳೆದು, ಹರಿದು, ಅಪ್ಪನ ಮೆಟ್ಟಿಲ ಮೇಲೆಯೇ ರಾಶಿ ಹಾಕಿದ. ಜಡೆಪ್ಪ ಬೆಂಕಿಪೊಟ್ಟಣ ಚಾಚಿದ. ವಿರೂಪಾಕ್ಷಿ ಕುಕ್ಕುರುಗಾಲಲ್ಲಿ ಕೂತು ಹಲಗೆಯನ್ನು ಉರಿಯ ಮೇಲೆ ತಿರುಗಿಸಿದ. ಬೆರಳು ಸುಟ್ಟವು.

ಮುದುಕ ಪಕ್ಕದಲ್ಲಿ ಬಗ್ಗಿ ಚರ್ಮ ತಟ್ಟಿ ನೋಡಿದ. "ಇನ್ನೊಂಚೂರು."

ಮೇಲೆ ಷಟರ್ ಧಡಾರನೆ ಬಿತ್ತು. ವಿರೂಪಾಕ್ಷಿ ತಿರುಗಿ ನೋಡಲಿಲ್ಲ. ಜಡೆಪ್ಪ ಅವನ ಸುಟ್ಟ ಬೆರಳುಗಳ ನಡುವೆ ಹಲಗೆಯ ಕೋಲನ್ನಿಟ್ಟು, ಅವನ್ನು ಒಂದೊಂದಾಗಿ ಮಡಚಿದ.